ನಿವೃತ್ತಿ ದುಡ್ಡಿನ ಫಾರಂ ಕೈಗೆ ಬಂದಾಗ ‘ನನಗೆ ಇದೆಲ್ಲ ಗೊತ್ತಾಗಲ್ಲ’ ಅಂದುಬಿಟ್ಟೆ. ನೀವು ಹೇಗೆ ಶುರು ಮಾಡಿದಿರಿ?

ನೀಲಿಶಾಯಿ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 52 ವರ್ಷ. ಕೆಲಸಕ್ಕೆ ಸೇರಿ 26 ವರ್ಷ ಆಯಿತು. ಮಗಳು ಹುಟ್ಟಿದಾಗ ನಡುವೆ 4 ವರ್ಷ ಮನೆಯಲ್ಲಿದ್ದೆ. ಹೋದ ವಾರ ಆಫೀಸಿನಲ್ಲಿ ನಿವೃತ್ತಿ ನಿಧಿಯ ಬಗ್ಗೆ ಒಂದು ಸಭೆ ಇತ್ತು. ಬಂದವರು ಎಲ್ಲರ ಕೈಗೂ ಒಂದು ಫಾರಂ ಕೊಟ್ಟರು. ನಮ್ಮ ದುಡ್ಡಿನಲ್ಲಿ ಎಷ್ಟು ಪಾಲು ಷೇರಿಗೆ ಹೋಗಬೇಕು, ಎಷ್ಟು ಪಾಲು ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಸಾಲ ಕೊಡುವ ಬಾಂಡ್‌ಗೆ ಹೋಗಬೇಕು ಅಂತ ನಾವೇ ಬರೆದುಕೊಡಬೇಕು. ನಾನು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ‘ಮನೆಯವರನ್ನ ಕೇಳಿ ತುಂಬಿಸ್ತೀನಿ, ನನಗೆ ಇದೆಲ್ಲ ಗೊತ್ತಾಗಲ್ಲ’ ಅಂದೆ. ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗಿ ಕೂತಿದ್ದಳು. 24 ಇರಬಹುದು. ಅವಳೂ ಫಾರಂ ಮಡಚಿದಳು. ‘ನನಗೂ ಅಷ್ಟೇ ಮೇಡಂ, ಅಪ್ಪನ್ನ ಕೇಳ್ತೀನಿ’ ಅಂದಳು.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮ ವಿಭಾಗದ ವರ್ಷದ ಬಜೆಟ್ ಬರೆಯುವವಳು ನಾನೇ. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಒಂದು ಹಾಳೆ ನೋಡಿದರೆ ಹೇಳಬಲ್ಲೆ. ಮನೆ ಖರ್ಚಿನ ಲೆಕ್ಕವೂ ನನ್ನದೇ. ಆದರೆ ನನ್ನ ಸ್ವಂತ ಮುಪ್ಪಿನ ದುಡ್ಡಿನ ಮಾತು ಬಂದಾಗ ಬಾಯಿಂದ ಹೊರಟದ್ದು ‘ಗೊತ್ತಾಗಲ್ಲ’. ಆ ಹುಡುಗಿ ಅದನ್ನು ನನ್ನ ಬಾಯಿಂದಲೇ ಎತ್ತಿಕೊಂಡಳು ಅನಿಸುತ್ತಿದೆ.

ನನ್ನ ಗಂಡ ಒಳ್ಳೆಯವರು. ಏನನ್ನೂ ಮುಚ್ಚಿಟ್ಟಿಲ್ಲ. ನಾನೇ ಕೇಳಿಲ್ಲ, ಅಷ್ಟೇ. ಯಾವ ಫಂಡ್ ಒಳ್ಳೆಯದು ಅಂತ ಕೇಳಲು ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಈ ಹೆದರಿಕೆ ದಾಟಿದ್ದರೆ, ಮೊದಲ ದಿನ ಏನು ಮಾಡಿದಿರಿ ಅಂತ ಹೇಳಿ. ಫಾರಂ ಕೊಡಲು ಇನ್ನೂ 6 ವಾರ ಇದೆ.

ತುಂಬೆಹೂ

ನೀಲಿಶಾಯಿ, ನನಗೆ 67. ನಿನಗಿಂತ ದೊಡ್ಡವಳು, ಏಕವಚನದಲ್ಲಿ ಕರೆದರೆ ಬೇಜಾರಿಲ್ಲ ತಾನೇ?

ನನ್ನ ಕಥೆ ಹೇಳುತ್ತೇನೆ. ನಮ್ಮ ಯಜಮಾನರು ನಿವೃತ್ತಿ ಆಗುವಾಗ ಪಿಂಚಣಿಗೆ ಎರಡು ಆಯ್ಕೆ ಇತ್ತು. ಒಂದರಲ್ಲಿ ತಿಂಗಳಿಗೆ ಸ್ವಲ್ಪ ಜಾಸ್ತಿ ಬರುತ್ತದೆ, ಆದರೆ ಅವರು ಇರುವವರೆಗೆ ಮಾತ್ರ. ಇನ್ನೊಂದರಲ್ಲಿ ಸ್ವಲ್ಪ ಕಡಿಮೆ, ಆದರೆ ಇಬ್ಬರಲ್ಲಿ ಕೊನೆಗೆ ಉಳಿದವರು ಇರುವವರೆಗೂ ಬರುತ್ತದೆ. ಅವರು ಮೊದಲನೆಯದನ್ನು ಆರಿಸಿಕೊಂಡರು. ದುರಾಸೆಯಿಂದ ಅಲ್ಲ. ‘ತಿಂಗಳಿಗೆ ಜಾಸ್ತಿ ಬಂದರೆ ಇಬ್ಬರಿಗೂ ಒಳ್ಳೆಯದು’ ಅಂದರು. ಆ ಕಾಗದದಲ್ಲಿ ಹೆಂಡತಿಯ ಒಪ್ಪಿಗೆಗೆ ಒಂದು ಜಾಗ ಇತ್ತು. ಅಲ್ಲಿ ನನ್ನ ಸಹಿ ಇದೆ. ನಾನು ಓದಿರಲಿಲ್ಲ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹಾಕಿದ್ದೆ.

ನಾಲ್ಕು ವರ್ಷಕ್ಕೆ ಅವರು ಹೋದರು. ಮುಂದಿನ ತಿಂಗಳಿಂದ ದುಡ್ಡು ನಿಂತಿತು. ಕೇಳಲು ಹೋದಾಗ ಅಲ್ಲಿದ್ದವರು ಆ ಕಾಗದವನ್ನೇ ತೆಗೆದು ತೋರಿಸಿದರು.

ಯಜಮಾನರ ಮೇಲೆ ನನಗೆ ಕೋಪ ಇಲ್ಲ. ಅವತ್ತು ನಾನು ‘ಇದೇನು, ಸ್ವಲ್ಪ ಓದ್ತೀನಿ ಇರಿ’ ಅಂದಿದ್ದರೆ ಅವರೂ ನಿಂತು ಯೋಚಿಸುತ್ತಿದ್ದರು. ನಿಮ್ಮ ಮನೆಯವರ ಪಿಂಚಣಿಯಲ್ಲಿ ಇಂಥ ಆಯ್ಕೆ ಇದೆಯಾ, ಇದ್ದರೆ ಯಾವುದಕ್ಕೆ ಗುರುತು ಹಾಕಿದ್ದಾರೆ ಅಂತ ಇವತ್ತೇ ಕೇಳು. ಇಂಥ ಆಯ್ಕೆಯನ್ನು ಒಮ್ಮೆ ಮಾಡಿದ ಮೇಲೆ ಸಾಮಾನ್ಯವಾಗಿ ಬದಲಾಯಿಸಲು ಬಿಡುವುದಿಲ್ಲ.

ನೀಲಿಶಾಯಿ

ಅಕ್ಕ, ಓದಿ ಸುಮ್ನೆ ಕೂತುಬಿಟ್ಟೆ. ಖಂಡಿತ ಇವತ್ತು ರಾತ್ರಿಯೇ ಕೇಳುತ್ತೇನೆ. ಏಕವಚನದಲ್ಲೇ ಕರೆಯಿರಿ.

ಅಂಕಿಗಣಿತ

ನೀಲಿಶಾಯಿ ಅವರೇ, ನಾನು ದೊಡ್ಡವರಿಗೆ ಲೆಕ್ಕ ಹೇಳಿಕೊಡುವ ಕೆಲಸ ಮಾಡುತ್ತೇನೆ. ಸಲಹೆ ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಹುಡುಕಬೇಡಿ, ಯಾರನ್ನೂ ಕೇಳಬೇಡಿ. ಒಂದೇ ಷರತ್ತು, ‘ಗೊತ್ತಿಲ್ಲ’ ಅನ್ನುವ ಉತ್ತರ ನಡೆಯುವುದಿಲ್ಲ.

ಮೊದಲನೆಯದು. ಖಾತೆಯಲ್ಲಿ 100 ಇಟ್ಟಿದ್ದೀರಿ. ವರ್ಷಕ್ಕೆ 2% ಬಡ್ಡಿ. ಮುಟ್ಟದೆ 5 ವರ್ಷ ಬಿಟ್ಟರೆ ಅಲ್ಲಿ 102ಕ್ಕಿಂತ ಜಾಸ್ತಿ ಇರುತ್ತದಾ, ಸರಿಯಾಗಿ 102 ಇರುತ್ತದಾ, ಕಡಿಮೆ ಇರುತ್ತದಾ?

ಎರಡನೆಯದು. ಬಡ್ಡಿ ವರ್ಷಕ್ಕೆ 1%, ಬೆಲೆ ಏರಿಕೆ ವರ್ಷಕ್ಕೆ 2%. ಒಂದು ವರ್ಷದ ನಂತರ ಆ ದುಡ್ಡಿನಲ್ಲಿ ಇವತ್ತಿಗಿಂತ ಜಾಸ್ತಿ ಕೊಳ್ಳಬಹುದಾ, ಅಷ್ಟೇನಾ, ಕಡಿಮೆನಾ?

ಮೂರನೆಯದು. ‘ಒಂದೇ ಕಂಪನಿಯ ಷೇರು ಕೊಳ್ಳುವುದು ಮ್ಯೂಚುವಲ್ ಫಂಡ್‌ಗಿಂತ ಸಾಮಾನ್ಯವಾಗಿ ಸುರಕ್ಷಿತ.’ ಸರಿಯೋ ತಪ್ಪೋ?

ನೀಲಿಶಾಯಿ

1. ಜಾಸ್ತಿ. ಮೊದಲ ವರ್ಷಕ್ಕೇ 102 ಆಗುತ್ತದಲ್ಲ.
2. ಕಡಿಮೆ.
3. ತಪ್ಪು ಅನಿಸುತ್ತದೆ. ಒಂದೇ ಕಡೆ ಎಲ್ಲ ಇಟ್ಟಂತೆ ಆಗುತ್ತದೆ. ಖಚಿತವಾಗಿ ಗೊತ್ತಿಲ್ಲ.

ಅಂಕಿಗಣಿತ

ಮೂರೂ ಸರಿ. ಮ್ಯೂಚುವಲ್ ಫಂಡ್ ಅಂದರೆ ಹಲವರ ದುಡ್ಡು ಸೇರಿಸಿ ಹಲವು ಕಡೆ ಹಂಚಿ ಹಾಕುವುದು. ಮೂರನೆಯದರ ಕೊನೆಯಲ್ಲಿ ನೀವು ಬರೆದ ‘ಖಚಿತವಾಗಿ ಗೊತ್ತಿಲ್ಲ’ ಇದೆಯಲ್ಲ, ಅದರ ಬಗ್ಗೆಯೇ ನಾನು ಮಾತಾಡಬೇಕಿತ್ತು.

ಈ ಪ್ರಶ್ನೆಗಳು ನನ್ನವಲ್ಲ. ಅನ್ನಮಾರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ರೂಪಿಸಿದವು. ಅಮೆರಿಕದಲ್ಲಿ 50 ದಾಟಿದವರ ಒಂದು ಸಮೀಕ್ಷೆಯಲ್ಲಿ 2004ರಲ್ಲಿ ಕೇಳಿದ್ದರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಕೇಳಿದರು. ಹೆಚ್ಚು ಕಡಿಮೆ ಎಲ್ಲ ಕಡೆ ಹೆಂಗಸರ ಅಂಕ ಕಡಿಮೆ ಬಂತು. ಆದರೆ ಹೆಂಗಸರು ಗಂಡಸರಿಗಿಂತ ತುಂಬಾ ಜಾಸ್ತಿ ಸಲ ‘ಗೊತ್ತಿಲ್ಲ’ ಎಂಬ ಆಯ್ಕೆಗೆ ಗುರುತು ಹಾಕಿದ್ದರು.

ಆಗ ನೆದರ್‌ಲ್ಯಾಂಡ್ಸ್‌ನಲ್ಲಿ ಲುಸಾರ್ಡಿ ಮತ್ತು ಜೊತೆಗಾರರು ಒಂದು ಕೆಲಸ ಮಾಡಿದರು. ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಎರಡು ಸಲ ಕೇಳಿದರು. ಒಂದು ಸಲ ‘ಗೊತ್ತಿಲ್ಲ’ ಇತ್ತು, ಇನ್ನೊಂದು ಸಲ ಅದನ್ನು ತೆಗೆದಿದ್ದರು. ಮೊದಲು ‘ಗೊತ್ತಿಲ್ಲ’ ಅಂದಿದ್ದ ಎಷ್ಟೋ ಹೆಂಗಸರು ಎರಡನೇ ಸಲ ಸರಿ ಉತ್ತರವನ್ನೇ ಆರಿಸಿದರು. 2021ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಗಂಡಸರಿಗೂ ಹೆಂಗಸರಿಗೂ ಕಂಡ ಅಂತರದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಕಾರಣ ಧೈರ್ಯದ ಕೊರತೆ. ಉಳಿದದ್ದು ನಿಜವಾಗಿಯೂ ತಿಳಿಯದೇ ಇರುವುದು. ಅದನ್ನು ಕಲಿಯಬೇಕು, ಕಲಿಯಬಹುದು. ಈ ಮೂರನೇ ಒಂದು ಪಾಲನ್ನು ಮಾತ್ರ ಯಾರೂ ಕಲಿಸಬೇಕಾಗಿಲ್ಲ. ಅದು ಈಗಾಗಲೇ ನಮ್ಮ ತಲೆಯಲ್ಲಿದೆ. ನಾವೇ ನಂಬುತ್ತಿಲ್ಲ.

ನನ್ನ ತರಗತಿಯಲ್ಲಿ ಪ್ರತಿ ಸಲ ಇದನ್ನೇ ನೋಡುತ್ತೇನೆ. ಉತ್ತರ ಸರಿ ಇರುತ್ತದೆ, ಧ್ವನಿ ಮಾತ್ರ ಇಳಿದಿರುತ್ತದೆ.

ಸೂಜಿದಾರ

ನಾನೂ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡೆ. ಮೂರೂ ಸರಿ ಬಂತು. ನಾನು ಓದಿರುವುದು ಹತ್ತನೇ ಕ್ಲಾಸು.

ಕಡಲಹಕ್ಕಿ

ನನಗೆ 31. ಇದು ಓದಿ ಒಂದು ಪ್ರಶ್ನೆ. ಮಗುವಿಗಾಗಿ ಮುಂದಿನ ವರ್ಷ ಕೆಲಸ ಬಿಡಬೇಕು ಅಂದುಕೊಂಡಿದ್ದೇನೆ, 5 ವರ್ಷಕ್ಕೆ. 23ರಿಂದ ಉಳಿಸುತ್ತಿರುವ ನಿವೃತ್ತಿ ದುಡ್ಡು ಒಂದಿಷ್ಟು ಇದೆ. ಮನೆಯಲ್ಲಿ ಎಲ್ಲರೂ ‘ಹೇಗೂ ಕೆಲಸ ಬಿಡ್ತೀಯ, ಅದನ್ನ ತೆಗೆದು ಸಾಲ ತೀರಿಸು’ ಅನ್ನುತ್ತಿದ್ದಾರೆ. ನನಗೂ ಅದೇ ಸರಿ ಅನಿಸಿತ್ತು.

ಅಂಕಿಗಣಿತ

ತೆಗೆಯುವ ಮೊದಲು ಈ ಲೆಕ್ಕ ನೋಡಿ, ದಯವಿಟ್ಟು.

ಒಬ್ಬಳು 25ರಿಂದ 35ರವರೆಗೆ ವರ್ಷಕ್ಕೆ 1 ಪಾಲು ಹಾಕುತ್ತಾಳೆ. ಹತ್ತು ವರ್ಷ, ಹತ್ತು ಪಾಲು. ಆಮೇಲೆ ಏನೂ ಹಾಕುವುದಿಲ್ಲ, ಆದರೆ ಮುಟ್ಟುವುದೂ ಇಲ್ಲ. ಇನ್ನೊಬ್ಬಳು 35ಕ್ಕೆ ಶುರು ಮಾಡಿ 60ರವರೆಗೆ ಪ್ರತಿ ವರ್ಷ 1 ಪಾಲು ಹಾಕುತ್ತಾಳೆ. ಇಪ್ಪತ್ತೈದು ಪಾಲು. ಇಬ್ಬರಿಗೂ ವರ್ಷಕ್ಕೆ 8% ಬೆಳವಣಿಗೆ ಅಂದುಕೊಳ್ಳೋಣ. 60ಕ್ಕೆ ಮೊದಲನೆಯವಳ ಹತ್ತಿರ ಸುಮಾರು 99 ಪಾಲು ಇರುತ್ತದೆ. ಎರಡನೆಯವಳ ಹತ್ತಿರ ಸುಮಾರು 73.

ಹಾಕಿದ್ದು ಅರ್ಧಕ್ಕಿಂತ ಕಡಿಮೆ, ಸಿಕ್ಕಿದ್ದು ಜಾಸ್ತಿ. ಚಕ್ರಬಡ್ಡಿಗೆ ಬೇಕಾದದ್ದು ಸಮಯ. ನಿಮ್ಮ ಹತ್ತಿರ ಇರುವುದು ಅದೇ ಮೊದಲ ವರ್ಷಗಳ ದುಡ್ಡು. ಕೆಲಸ ಬಿಟ್ಟರೂ ಅದು ನಿಮಗಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಸಾಲದ ಬಡ್ಡಿ ತುಂಬಾ ದುಬಾರಿ ಇದ್ದರೆ ಮಾತು ಬೇರೆ. ಆ ಬಡ್ಡಿಯ ದರ ಎಷ್ಟು ಅಂತ ಮೊದಲು ಬರೆದುಕೊಳ್ಳಿ. ಬೆಳವಣಿಗೆಯ ದರಕ್ಕಿಂತ ಅದು ಜಾಸ್ತಿಯೋ ಕಡಿಮೆಯೋ ನೋಡಿ, ಆಮೇಲೆ ನಿರ್ಧಾರ ಮಾಡಿ.

ಇನ್ನೊಂದು ವಿಷಯ. ಮಗು ನೋಡಿಕೊಂಡ ವರ್ಷಗಳನ್ನು ಕೆಲವು ದೇಶಗಳು ಪಿಂಚಣಿಗೆ ಸೇರಿಸಿ ಎಣಿಸುತ್ತವೆ. ಜರ್ಮನಿಯಲ್ಲಿ 1992ರಿಂದ ಈಚೆಗೆ ಹುಟ್ಟಿದ ಪ್ರತಿ ಮಗುವಿಗೆ 3 ವರ್ಷ ಸೇರುತ್ತದೆ. ನೀವಿರುವ ಕಡೆ ಇಂಥದ್ದು ಇದೆಯಾ ಅಂತ ಕೆಲಸ ಬಿಡುವ ಮೊದಲೇ ವಿಚಾರಿಸಿ. ಎಷ್ಟೋ ಕಡೆ ನಾವೇ ಅರ್ಜಿ ಹಾಕಬೇಕಾಗುತ್ತದೆ.

ಕಡಲಹಕ್ಕಿ

99 ಮತ್ತು 73! ಎರಡು ಸಲ ಲೆಕ್ಕ ಹಾಕಿದೆ, ಅಷ್ಟೇ ಬಂತು. ಈ ಹಾಳೆಯನ್ನೇ ಮನೆಯಲ್ಲಿ ತೋರಿಸುತ್ತೇನೆ. ಜೊತೆಗೆ ಇನ್ನೊಂದು ಮಾತು ಆಡಬೇಕು ಅಂದುಕೊಂಡಿದ್ದೇನೆ. ನಾನು ಮನೆಯಲ್ಲಿರುವ 5 ವರ್ಷ ಗಂಡನ ಸಂಬಳದಿಂದ ನನ್ನ ಹೆಸರಿನ ನಿವೃತ್ತಿ ಖಾತೆಗೂ ಒಂದು ಪಾಲು ಹೋಗಬೇಕು. ಕೇಳುವುದು ಸ್ವಲ್ಪ ಮುಜುಗರ.

ತುಂಬೆಹೂ

ಮುಜುಗರ ಯಾಕಮ್ಮಾ? ಮಗು ಇಬ್ಬರದ್ದು, ಬಿಟ್ಟ ಸಂಬಳ ಒಬ್ಬಳದ್ದು. ಕೇಳು.

ಹಳೇಬೇರು

ಎಲ್ಲರೂ 8% ಅಂತ ಸಲೀಸಾಗಿ ಬರೆಯುತ್ತಿದ್ದೀರಿ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಹತ್ತು ವರ್ಷದ ಹಿಂದೆ ನಮ್ಮ ನೆಂಟರೊಬ್ಬರ ಮಾತು ಕೇಳಿ ಉಳಿತಾಯದ ಅರ್ಧ ದುಡ್ಡನ್ನು ಒಂದೇ ಕಂಪನಿಯ ಷೇರಿಗೆ ಹಾಕಿದೆ. ಹಾಕಿದ್ದರಲ್ಲಿ ಕಾಲು ಭಾಗವೂ ವಾಪಸ್ ಬರಲಿಲ್ಲ. ಅವತ್ತಿನಿಂದ ನನ್ನದೆಲ್ಲ ಬ್ಯಾಂಕ್ ಠೇವಣಿಯಲ್ಲೇ. ಬಡ್ಡಿ ಕಡಿಮೆ ಇರಲಿ, ನಿದ್ದೆ ಬರುತ್ತದೆ. ಹೆಂಗಸರಿಗೆ ಧೈರ್ಯ ತುಂಬುತ್ತೇವೆ ಅಂತ ಅವರನ್ನು ಷೇರು ಪೇಟೆಗೆ ತಳ್ಳಬೇಡಿ.

ಅಂಕಿಗಣಿತ

ಹಳೇಬೇರು ಅವರೇ, ನಿಮಗೆ ಆದದ್ದು ನಿಜವಾದ ನಷ್ಟ. ಅದನ್ನು ಸಣ್ಣದು ಮಾಡುವುದಿಲ್ಲ. ತಳ್ಳಬೇಡಿ ಅನ್ನುವ ಮಾತನ್ನು ಪೂರ್ತಿ ಒಪ್ಪುತ್ತೇನೆ. ಷೇರು ಬೀಳುತ್ತದೆ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆ ತೋರಿಸುವ ಎಸ್ ಅಂಡ್ ಪಿ 500 ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಹಳೆಯ ಮಟ್ಟಕ್ಕೆ ಬರಲು 2013 ಆಗಬೇಕಾಯಿತು. 2008ರಲ್ಲಿ ನಿವೃತ್ತಿಯಾಗಿ, ಅದೇ ದುಡ್ಡಿನಲ್ಲಿ ಮನೆ ನಡೆಸಬೇಕಾದವರು ಬಿದ್ದ ಬೆಲೆಗೇ ಮಾರಿದರು. ಅವರಿಗೆ 2013ರ ಚೇತರಿಕೆ ಪೂರ್ತಿ ಸಿಗಲಿಲ್ಲ. ಅದಕ್ಕೇ ಮುಂದಿನ ಕೆಲವು ವರ್ಷಕ್ಕೆ ಬೇಕಾಗುವ ದುಡ್ಡು ಷೇರಿನಲ್ಲಿ ಇರಬಾರದು ಅಂತ ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಆದರೆ ಠೇವಣಿಯಲ್ಲೂ ಒಂದು ನಷ್ಟ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ. ಎಷ್ಟು ವರ್ಷಕ್ಕೆ ಖರ್ಚು ಎರಡರಷ್ಟು ಆಗುತ್ತದೆ ಅಂತ ಸಿಗುತ್ತದೆ. 6% ಇದ್ದರೆ 12 ವರ್ಷ. 4% ಇದ್ದರೆ 18 ವರ್ಷ. ನೀಲಿಶಾಯಿ ಅವರ ಮನೆ ಇವತ್ತು ತಿಂಗಳಿಗೆ 100ರಲ್ಲಿ ನಡೆಯುತ್ತಿದೆ ಅಂದುಕೊಳ್ಳಿ. 6% ಏರಿಕೆಯಲ್ಲಿ ಅವರಿಗೆ 60 ಆಗುವಾಗ ಅದೇ ಮನೆಗೆ ಸುಮಾರು 159 ಬೇಕು. 84 ಆಗುವಾಗ ಸುಮಾರು 645. ಲೋಕದಲ್ಲಿ ಒಟ್ಟಾರೆ ಹೆಂಗಸರು ಗಂಡಸರಿಗಿಂತ ಸುಮಾರು 5 ವರ್ಷ ಜಾಸ್ತಿ ಬದುಕುತ್ತಾರೆ. ಆ ಕೊನೆಯ ವರ್ಷಗಳಲ್ಲೇ ಖರ್ಚು ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ, ಸಂಪಾದನೆ ಇರುವುದಿಲ್ಲ, ಎಷ್ಟೋ ಸಲ ಜೊತೆಗೆ ಗಂಡನೂ ಇರುವುದಿಲ್ಲ.

ಹಾಗಾಗಿ ನಿಮ್ಮ ಠೇವಣಿ ಮುರಿಯಿರಿ ಅನ್ನುವುದಿಲ್ಲ. ಒಂದೇ ಪ್ರಶ್ನೆ. ತೆರಿಗೆ ಕಳೆದ ಮೇಲೆ ನಿಮಗೆ ಸಿಗುವ ಬಡ್ಡಿ, ಬೆಲೆ ಏರಿಕೆಗಿಂತ ಜಾಸ್ತಿ ಇದೆಯಾ? ಇದ್ದರೆ ಸರಿ. ಇಲ್ಲದಿದ್ದರೆ ದುಡ್ಡಿನ ಒಂದು ಪಾಲಾದರೂ ಬೆಳೆಯುವ ಕಡೆ ಇರಬೇಕು. ನಿಮಗೆ ಮೋಸ ಮಾಡಿದ್ದು ಒಂದೇ ಕಂಪನಿ. ನೂರಾರು ಕಂಪನಿಗಳ ಚೂರು ಚೂರು ಪಾಲು ಇರುವ ಫಂಡ್ ಬೇರೆಯೇ ವಿಷಯ.

ಹಳೇಬೇರು

ತೆರಿಗೆ ಕಳೆದು ನಾನು ಯಾವತ್ತೂ ನೋಡಿಲ್ಲ. ನೋಡಿ ಹೇಳುತ್ತೇನೆ.

ಆದರೆ ನನ್ನ ಇನ್ನೊಂದು ಮಾತು ಉಳಿಯಿತು. ಅವತ್ತು ನನಗೆ ನಷ್ಟ ಆಗಿದ್ದು ಷೇರಿನಿಂದ ಮಾತ್ರ ಅಲ್ಲ. ‘ನಾನು ನೋಡ್ಕೋತೀನಿ, ನೀವು ಚಿಂತೆ ಮಾಡಬೇಡಿ’ ಅಂದವರನ್ನು ಪ್ರಶ್ನೆ ಕೇಳಲಿಲ್ಲ, ಅದರಿಂದ.

ಬೆಳಗಿನರೈಲು

ಹಳೇಬೇರು ಅವರ ಕೊನೆಯ ಮಾತು ನೂರಕ್ಕೆ ನೂರು ನಿಜ. ನಾನು ಕೆಲವು ವರ್ಷ ವಿಮೆ ಮತ್ತು ಹೂಡಿಕೆ ಮಾರುವ ಕಡೆ ಕೆಲಸ ಮಾಡಿದವಳು. ಅಲ್ಲಿಂದ ಕಲಿತದ್ದನ್ನು ಹೇಳುತ್ತೇನೆ. ‘ಖಚಿತ’ ಮತ್ತು ‘ಜಾಸ್ತಿ ಲಾಭ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಎದುರಿನಿಂದ ಎದ್ದು ಬನ್ನಿ. ‘ಇದರಲ್ಲಿ ನಿಮಗೆ ಎಷ್ಟು ಕಮಿಷನ್ ಸಿಗುತ್ತದೆ?’ ಅಂತ ನೇರವಾಗಿ ಕೇಳಿ. ಒಳ್ಳೆಯ ಸಲಹೆಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ, ಹೇಳುತ್ತಾರೆ. ‘ಬೇಕೆಂದಾಗ ತೆಗೆಯಬಹುದಾ, ತೆಗೆದರೆ ಎಷ್ಟು ಕಡಿತ?’ ಇದು ಎರಡನೇ ಪ್ರಶ್ನೆ. ‘ವರ್ಷಕ್ಕೆ ಶುಲ್ಕ ಎಷ್ಟು?’ ಮೂರನೆಯದು.

ಶುಲ್ಕ 1% ಅಂದರೆ ಏನೂ ಅಲ್ಲ ಅನಿಸುತ್ತದೆ. ಲೆಕ್ಕ ಹಾಕಿ. 7%ರಲ್ಲಿ 30 ವರ್ಷ ಬೆಳೆದ 1 ಪಾಲು ಸುಮಾರು 7.6 ಆಗುತ್ತದೆ. ಅದರಲ್ಲಿ 1% ಪ್ರತಿ ವರ್ಷ ಶುಲ್ಕಕ್ಕೆ ಹೋಗಿ 6% ಉಳಿದರೆ ಸುಮಾರು 5.7. ಕೊನೆಗೆ ಕೈಗೆ ಬರುವ ದುಡ್ಡಿನಲ್ಲಿ ಕಾಲು ಭಾಗ ಹೋಯಿತು!

ಗ್ರಾಹಕರ ಮನೆಗಳಲ್ಲಿ ಕಂಡದ್ದು ಇನ್ನೊಂದು. ದಂಪತಿ ಎದುರು ಕೂತಿರುತ್ತಿದ್ದರು. ಹೆಂಡತಿ ಒಂದು ಪ್ರಶ್ನೆ ಕೇಳಿದರೆ ಮಾರುವವರು ಉತ್ತರವನ್ನು ಗಂಡನ ಕಡೆ ತಿರುಗಿ ಹೇಳುತ್ತಿದ್ದರು. ನಾನೂ ಹಾಗೆ ಮಾಡಿದ್ದೇನೆ. ಅದಕ್ಕೆ ನನಗೆ ಈಗಲೂ ನಾಚಿಕೆ ಇದೆ. ನಿಮಗೆ ಹಾಗಾದರೆ ‘ಪ್ರಶ್ನೆ ಕೇಳಿದ್ದು ನಾನು’ ಅನ್ನಿ.

ಮೂರನೇಮಹಡಿ

ನಾನು ಗಂಡಸು. ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನಮ್ಮ ಮನೆಯಲ್ಲಿ ದುಡ್ಡಿನ ವಿಷಯ ಪೂರ್ತಿ ನಾನೇ ನೋಡುತ್ತೇನೆ. ಹೆಂಡತಿಗೆ ಹೇಳಿಕೊಡಲು ಮೂರು ಸಲ ಪ್ರಯತ್ನ ಮಾಡಿದೆ. ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಗಂಟೆ ಎಲ್ಲ ವಿವರಿಸಿದೆ. ‘ನೀವೇ ನೋಡ್ಕೊಳ್ಳಿ’ ಅಂತ ಎದ್ದು ಹೋಗುತ್ತಾಳೆ. ತುಂಬೆಹೂ ಅವರ ಪೋಸ್ಟ್ ಓದಿ ಭಯವಾಯಿತು. ಏನು ಮಾಡಲಿ?

ನೀಲಿಶಾಯಿ

ಧಾರಾಳವಾಗಿ ಬರೆಯಿರಿ. ಎದ್ದು ಹೋಗುವ ಹೆಂಡತಿ ನಾನೂ ಹೌದು, ಅದಕ್ಕೇ ಹೇಳುತ್ತಿದ್ದೇನೆ. ಹತ್ತು ವರ್ಷ ನೀವು ಕಟ್ಟಿದ್ದನ್ನು ಒಂದು ಗಂಟೆಯಲ್ಲಿ ತೋರಿಸಿದರೆ ಅದು ನಿಮ್ಮ ಮನೆಯಂತೆ ಕಾಣುತ್ತದೆ. ನಾವು ನೆಂಟರಂತೆ ಬಾಗಿಲಲ್ಲೇ ನಿಲ್ಲುತ್ತೇವೆ. ಇಡೀ ಚಿತ್ರ ತೋರಿಸಬೇಡಿ. ಒಂದು ಕೆಲಸವನ್ನು ಪೂರ್ತಿ ಅವರಿಗೆ ಬಿಟ್ಟುಕೊಡಿ. ವಿಮೆಯ ಕಂತು ಕಟ್ಟುವುದೋ, ಒಂದು ಠೇವಣಿ ನವೀಕರಿಸುವುದೋ. ಪಾಸ್‌ವರ್ಡ್ ಅವರದ್ದು, ನಿರ್ಧಾರ ಅವರದ್ದು. ತಪ್ಪು ಮಾಡಿದರೂ ಕೈ ಹಾಕಬೇಡಿ.

ತುಂಬೆಹೂ

ಮತ್ತೆ ಹೇಳಿಕೊಡುವಾಗ ಮೌಸ್ ಅವರ ಕೈಯಲ್ಲಿರಲಿ.

ಬೆಳಗಿನರೈಲು

ಗಂಡಸರೇ ಇದರಲ್ಲಿ ಮುಂದೆ ಅಂದುಕೊಳ್ಳುವವರಿಗೆ ಒಂದು ವಿಷಯ. ಬ್ರಾಡ್ ಬಾರ್ಬರ್ ಮತ್ತು ಟೆರನ್ಸ್ ಓಡಿಯನ್ ಎಂಬುವವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 1991ರಿಂದ 1997ರವರೆಗೆ ಅಮೆರಿಕದ 35,000ಕ್ಕೂ ಜಾಸ್ತಿ ಮನೆಗಳ ಷೇರು ಖಾತೆ ನೋಡಿದರು. ಗಂಡಸರು ಹೆಂಗಸರಿಗಿಂತ 45% ಜಾಸ್ತಿ ವಹಿವಾಟು ಮಾಡಿದ್ದರು. ಮತ್ತೆ ಮತ್ತೆ ಕೊಂಡು ಮಾರಿದ್ದರಿಂದ ಗಂಡಸರ ಲಾಭದ ದರ ವರ್ಷಕ್ಕೆ 2.65 ಶೇಕಡಾವಾರು ಅಂಶ ಇಳಿಯಿತು, ಹೆಂಗಸರದ್ದು 1.72 ಶೇಕಡಾವಾರು ಅಂಶ. ಅತಿ ನಂಬಿಕೆಯೇ ಇದಕ್ಕೆ ಕಾರಣ ಅಂತ ಅವರು ವಾದಿಸಿದರು. ಹೆಂಗಸರಲ್ಲಿರುವ ‘ಸ್ವಲ್ಪ ತಾಳು, ನೋಡೋಣ’ ಅನ್ನುವ ಗುಣ ಈ ಕೆಲಸಕ್ಕೆ ತುಂಬಾ ಬೇಕಾದದ್ದು.

ಮೂರನೇಮಹಡಿ

ಮೌಸ್ ನನ್ನ ಕೈಯಲ್ಲೇ ಇತ್ತು, ಮೂರೂ ಸಲ. ಧನ್ಯವಾದ.

ಸೂಜಿದಾರ

ನನ್ನದು ಬೇರೆ ಥರದ ಕಷ್ಟ. ಬಟ್ಟೆ ಹೊಲಿಯುತ್ತೇನೆ. ಗಂಡನಿಂದ ಬೇರೆಯಾಗಿ 9 ವರ್ಷ. ಈಗ 45. ಆಫೀಸು ಇಲ್ಲ, ಪಿಂಚಣಿ ಇಲ್ಲ, ಫಾರಂ ಕೊಡುವವರೂ ಇಲ್ಲ. ಒಂದು ತಿಂಗಳು ಕೆಲಸ ಮೈ ತುಂಬಾ, ಇನ್ನೊಂದು ತಿಂಗಳು ಮಷಿನ್‌ಗೆ ಬಟ್ಟೆ ಮುಚ್ಚಿ ಇಡಬೇಕು. ಪ್ರತಿ ತಿಂಗಳು ಇಷ್ಟು ಅಂತ ಕಟ್ಟುವ ಯೋಜನೆಗೆ ಎರಡು ಸಲ ಸೇರಿ ಎರಡು ಸಲ ಬಿಟ್ಟೆ. 45ಕ್ಕೆ ಶುರು ಮಾಡಿ ಪ್ರಯೋಜನ ಇದೆಯಾ?

ಅಂಕಿಗಣಿತ

ಇದೆ. ಮೊದಲು ಆ ಎರಡು ಸಲ ಬಿಟ್ಟದ್ದರ ಬಗ್ಗೆ. ಯೋಜನೆ ಸಂಬಳದವರ ಅಳತೆಗೆ ಹೊಲಿದದ್ದು, ನಿಮ್ಮ ಮೈಗೆ ಕೂರಲಿಲ್ಲ. ನಿಮಗೆ ‘ತಿಂಗಳಿಗೆ ಇಷ್ಟು’ ಬೇಡ, ‘ಬಂದದ್ದರಲ್ಲಿ ಇಷ್ಟು ಪಾಲು’ ಬೇಕು. ದುಡ್ಡು ಕೈಗೆ ಬಂದ ದಿನವೇ ಅದರ ಹತ್ತನೇ ಒಂದು ಪಾಲು ಬೇರೆ ಖಾತೆಗೆ ಹೋಗಲಿ. ಕೆಲಸ ಇಲ್ಲದ ತಿಂಗಳು ಸೊನ್ನೆ, ತಪ್ಪೇನಿಲ್ಲ. ಆ ಖಾತೆಯಲ್ಲಿ 6 ತಿಂಗಳ ಖರ್ಚು ಸೇರುವವರೆಗೆ ಹೂಡಿಕೆಯ ಯೋಚನೆ ಬೇಡ. ಮಷಿನ್ ಕೆಟ್ಟರೆ, ಕೈ ನೋವು ಬಂದರೆ, ನಿವೃತ್ತಿಯ ದುಡ್ಡಿಗೆ ಕೈ ಹಾಕದಂತೆ ಕಾಯುವುದು ಅದೇ.

ಈಗ ಲೆಕ್ಕ. 8% ಬೆಳವಣಿಗೆಯಲ್ಲಿ 15 ವರ್ಷ, ವರ್ಷಕ್ಕೆ 1 ಪಾಲು ಹಾಕಿದರೆ 60ಕ್ಕೆ ಸುಮಾರು 27 ಪಾಲು ಆಗುತ್ತದೆ. ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ 10% ಜಾಸ್ತಿ ಹಾಕುತ್ತಾ ಹೋದರೆ ಸುಮಾರು 50. ನೀವು ಹೊಲಿಗೆಯ ದರ ಏರಿಸಿದಾಗೆಲ್ಲ ಏರಿಕೆಯ ಅರ್ಧ ಈ ಕಡೆ ಹೋಗಲಿ. 65ರವರೆಗೆ ಹೊಲಿಯಲು ಆಗುವುದಾದರೆ ಚಿತ್ರ ಇನ್ನೂ ಬದಲಾಗುತ್ತದೆ. ದುಡ್ಡಿಗೆ 5 ವರ್ಷ ಜಾಸ್ತಿ ಸಿಗುತ್ತದೆ, ಅದರಿಂದ ಬದುಕಬೇಕಾದ ವರ್ಷವೂ 5 ಕಡಿಮೆ.

ಸೂಜಿದಾರ

‘ನಿಮ್ಮ ಮೈಗೆ ಕೂರಲಿಲ್ಲ’ ಅಂದಿರಲ್ಲ, ಅದು ಓದಿ ಕಣ್ಣು ತುಂಬಿತು. ಇಷ್ಟು ವರ್ಷ ನನ್ನಲ್ಲೇ ಶಿಸ್ತಿಲ್ಲ ಅಂದುಕೊಂಡಿದ್ದೆ.

ನೀಲಿಶಾಯಿ (2 ವಾರದ ನಂತರ)

ಏನಾಯಿತು ಅಂತ ಹೇಳುತ್ತೇನೆ.

ತುಂಬೆಹೂ ಅಕ್ಕ ಹೇಳಿದ ಪ್ರಶ್ನೆಯನ್ನು ಅವತ್ತೇ ರಾತ್ರಿ ಕೇಳಿದೆ. ನಮ್ಮವರ ಪಿಂಚಣಿಯಲ್ಲೂ ಆ ಎರಡು ಆಯ್ಕೆ ಇದೆಯಂತೆ. ಇನ್ನೂ ಆರಿಸಿಲ್ಲ, ಮುಂದಿನ ವರ್ಷ ಆರಿಸಬೇಕು. ‘ಯಾವುದು ಹಾಕ್ತೀರ?’ ಅಂದೆ. ‘ಜಾಸ್ತಿ ಬರೋದು’ ಅಂದರು. ಅಕ್ಕನ ಕಥೆ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನಾನು ಹೋದ ಮೇಲೆ ಅಂತ ಯಾವತ್ತೂ ಯೋಚನೆ ಮಾಡೇ ಇಲ್ಲ’ ಅಂದರು. ಮೂವತ್ತು ವರ್ಷದಲ್ಲಿ ನಾವು ಹೀಗೆ ಕೂತು ಮಾತಾಡಿದ್ದು ಇದೇ ಮೊದಲು.

ಮರುದಿನ ಒಂದು ನೋಟ್‌ಬುಕ್ ತೆಗೆದೆ. ಎರಡು ಪುಟ. ಒಂದರಲ್ಲಿ ನನ್ನದು ಏನೇನಿದೆ, ಯಾರ ಹೆಸರಿನಲ್ಲಿದೆ, ಎಷ್ಟಿದೆ. ಇನ್ನೊಂದರಲ್ಲಿ ಯಾರಿಗೆ ಎಷ್ಟು ಕೊಡಬೇಕು. ಬರೆಯಲು ನಾಲ್ಕು ಸಂಜೆ ಬೇಕಾಯಿತು, ಯಾಕೆಂದರೆ ಕಾಗದಗಳು ಐದು ಕಡೆ ಇದ್ದವು. ಎರಡನೇ ಪುಟದಲ್ಲಿ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ಸಂಬಂಧಿಕರೊಬ್ಬರ ಸಾಲಕ್ಕೆ ನಾನು ಜಾಮೀನು ಸಹಿ ಹಾಕಿದ್ದೆ. ಪೂರ್ತಿ ಮರೆತುಹೋಗಿತ್ತು. ವಿಚಾರಿಸಿದೆ. ಹೋದ ವರ್ಷ ತೀರಿದೆ, ದೇವರು ದೊಡ್ಡವನು. ತೀರಿದ ಪತ್ರದ ನಕಲು ಕೇಳಿದ್ದೇನೆ.

ಈಗ ನನ್ನ ಪ್ರಶ್ನೆ. ಎಷ್ಟು ಇದ್ದರೆ ಸಾಕು? ಈ ಒಂದು ಅಂಕಿ ಗೊತ್ತಿಲ್ಲದೆ ಫಾರಂ ಹೇಗೆ ತುಂಬಲಿ?

ಅಂಕಿಗಣಿತ

ಮೊದಲಿಗೆ, ನಾಲ್ಕು ಸಂಜೆ ನೀವು ಮಾಡಿದ ಕೆಲಸವನ್ನೇ ಹೆಚ್ಚಿನವರು ಜೀವನಪೂರ್ತಿ ಮುಂದೂಡುತ್ತಾರೆ.

ಅಂದಾಜಿಗೆ ಒಂದು ಅಳತೆಗೋಲು ಇದೆ. ವಿಲಿಯಂ ಬೆಂಗನ್ ಎಂಬ ಅಮೆರಿಕದ ಸಲಹೆಗಾರರು 1994ರಲ್ಲಿ ಪ್ರಕಟಿಸಿದ್ದು. ನಿವೃತ್ತಿಯ ಮೊದಲ ವರ್ಷ ಒಟ್ಟು ದುಡ್ಡಿನ 4% ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆ ಏರಿಕೆಯಷ್ಟು ಸೇರಿಸಿ ತೆಗೆದರೆ, ಹಿಂದಿನ ಕೆಟ್ಟ ಕಾಲಗಳಲ್ಲೂ ದುಡ್ಡು 30 ವರ್ಷ ಬಾಳುತ್ತಿತ್ತು ಅಂತ ಅವರು ತೋರಿಸಿದರು. ತಿರುಗಿಸಿ ನೋಡಿದರೆ, ವರ್ಷದ ಖರ್ಚಿನ 25 ಪಟ್ಟು. ಆದರೆ ಅದು ಅಮೆರಿಕದ ಷೇರು ಮತ್ತು ಬಾಂಡ್‌ಗಳ ಹಳೆಯ ಅಂಕಿಗಳ ಮೇಲೆ ನಿಂತದ್ದು. ಬೆಲೆ ಏರಿಕೆ ಜಾಸ್ತಿ ಇರುವ ಕಡೆ 30 ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಿಂಚಣಿ ಬರುವುದಿದ್ದರೆ ಅದನ್ನು ಖರ್ಚಿನಿಂದ ಮೊದಲು ಕಳೆಯಿರಿ. ಉಳಿದ ಕೊರತೆಗೆ ಮಾತ್ರ ಈ ಲೆಕ್ಕ.

ಒಂದು ಎಚ್ಚರಿಕೆ. ಆ ಅಂಕಿ ಮೊದಲ ಸಲ ನೋಡಿದಾಗ ಎಲ್ಲರಿಗೂ ಹೆದರಿಕೆ ಆಗುತ್ತದೆ. ಪುಸ್ತಕ ಮುಚ್ಚಬೇಡಿ. ಈಗ ಇರುವುದು ಅದರಲ್ಲಿ ಎಷ್ಟು ಪಾಲು ಅಂತ ಪಕ್ಕದಲ್ಲೇ ಬರೆಯಿರಿ.

ಹಳೇಬೇರು

ಲೆಕ್ಕ ಹಾಕಿದೆ. ತೆರಿಗೆ ಕಳೆದರೆ ನನ್ನ ಠೇವಣಿ ಬೆಲೆ ಏರಿಕೆಗಿಂತ ಹಿಂದೆ ಬಿದ್ದಿದೆ. ಹತ್ತು ವರ್ಷದಿಂದ. ಒಂದು ಸಣ್ಣ ಪಾಲನ್ನು, ಐದರಲ್ಲಿ ಒಂದು, ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೆಲ್ಲ ಹಂಚಿ ಹಾಕುವ ಇಂಡೆಕ್ಸ್ ಫಂಡ್‌ಗೆ ಹಾಕುವ ಯೋಚನೆ ಇದೆ. ಒಟ್ಟಿಗೆ ಅಲ್ಲ, ತಿಂಗಳು ತಿಂಗಳು. ಈ ಸಲ ಯಾರೂ ಹೇಳಿದ್ದಲ್ಲ. ಶುಲ್ಕ ಎಷ್ಟು ಅಂತ ನಾನೇ ಓದಿಕೊಂಡೆ.

ನೀಲಿಶಾಯಿ (ಮತ್ತೆ 3 ವಾರದ ನಂತರ)

ಫಾರಂ ಕೊಟ್ಟೆ.

ನನ್ನ ಅಂಕಿ ಸಿಕ್ಕಿತು. ಈಗ ಇರುವುದು ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ 8 ವರ್ಷ ಇದೆ ಅಂತ ನೆನಪಾಯಿತು. ಸಂಬಳದಿಂದ ಹೋಗುವ ಪಾಲು ಜಾಸ್ತಿ ಮಾಡಿಸಿದೆ. ಷೇರು ಅರ್ಧ, ಬಾಂಡ್ ಅರ್ಧ ಅಂತ ಬರೆದೆ, 55 ಆದ ಮೇಲೆ ಷೇರಿನ ಪಾಲು ಮೆಲ್ಲಗೆ ಇಳಿಸುತ್ತೇನೆ. ಗಂಡ ನೋಡಿ ‘ನಾನಾಗಿದ್ರೆ ಷೇರು ಇನ್ನೂ ಜಾಸ್ತಿ ಹಾಕ್ತಿದ್ದೆ’ ಅಂದರು. ನನ್ನ ಕಾರಣ ಹೇಳಿದೆ. ಬದಲಾಯಿಸಲಿಲ್ಲ. ಅವರ ಪಿಂಚಣಿಗೆ ಎರಡನೇ ಆಯ್ಕೆ ಅಂತ ಇಬ್ಬರೂ ಒಪ್ಪಿದ್ದೇವೆ.

ಕೊಡಲು ಹೋದಾಗ ಆ ಹುಡುಗಿಯೂ ಇದ್ದಳು. ಅವಳ ಫಾರಂ ಇನ್ನೂ ಖಾಲಿ. ಅಪ್ಪನಿಗೆ ಪುರುಸೊತ್ತು ಇಲ್ಲವಂತೆ. ಅಲ್ಲೇ ಕೂರಿಸಿಕೊಂಡು ಅಂಕಿಗಣಿತ ಅವರ ಮೂರು ಪ್ರಶ್ನೆ ಕೇಳಿದೆ. ಮೂರಕ್ಕೂ ಸರಿಯಾಗಿ ಹೇಳಿದಳು. ‘ಹಾಗಾದ್ರೆ ಬರಿ’ ಅಂದೆ. ಪೆನ್ ನನ್ನದೇ ಕೊಟ್ಟೆ.

ತುಂಬೆಹೂ

ಓದಿ ಎಷ್ಟು ಖುಷಿ ಆಯಿತು ಅಂದರೆ! ಫಾರಂನ ನಕಲು ಇಟ್ಟುಕೊಂಡೆಯಾ? ಮತ್ತೆ ಎಲ್ಲ ಖಾತೆಯಲ್ಲೂ ನಾಮಿನಿ ಯಾರು ಅಂತ ನೋಡಿದೆಯಾ?

ನೀಲಿಶಾಯಿ

ನಕಲು ಇದೆ ಅಕ್ಕ. ನಾಮಿನಿ ನೋಡಿರಲಿಲ್ಲ, ನೀವು ಹೇಳಿದ ಮೇಲೆ ಈಗ ತೆಗೆದು ನೋಡಿದೆ. ಕೆಲಸಕ್ಕೆ ಸೇರಿದಾಗ ತೆರೆದ ಖಾತೆಯಲ್ಲಿ ನಮ್ಮ ಅಮ್ಮನ ಹೆಸರಿದೆ. ಅಮ್ಮ ಹೋಗಿ 11 ವರ್ಷ ಆಯಿತು. ನಾಳೆ ಬೆಳಿಗ್ಗೆ ಹೋಗಿ ಮಗಳ ಹೆಸರು ಬರೆಸುತ್ತೇನೆ. ಅವಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.